ಮೂರು ಲಕ್ಷ ಚೀಲದ ಊರಿನಲ್ಲಿ ಬಂದೂಕಿನ ಲೆಕ್ಕ

ಬ್ಯಾಡಗಿಯ ಎಪಿಎಂಸಿ ಪ್ರಾಂಗಣದಲ್ಲಿ 2024ರ ಹಂಗಾಮಿನಲ್ಲಿ ಒಂದೇ ದಿನ ಮೂರು ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಇಳಿದದ್ದುಂಟು. ಇಡೀ ಕರ್ನಾಟಕದಲ್ಲಿ ಚಾಲ್ತಿಯಲ್ಲಿದ್ದ ಬಂದೂಕಿನ ಲೈಸೆನ್ಸುಗಳು ಎಷ್ಟು ಗೊತ್ತೇ? ಕೇಂದ್ರ ಗೃಹ ಸಚಿವಾಲಯದ 2016ರ ಡಿಸೆಂಬರ್ 31ರ ಲೆಕ್ಕದಂತೆ 1,13,631. ಬೀದರಿನಿಂದ ಚಾಮರಾಜನಗರದವರೆಗಿನ ಅಷ್ಟೂ ಲೈಸೆನ್ಸುದಾರರನ್ನು ಆ ಪ್ರಾಂಗಣಕ್ಕೆ ಕರೆತಂದು ತಲೆಗೊಂದು ಚೀಲ ಹೊರಿಸಿದರೂ ಆ ದಿನದ ಆವಕದ ಅರ್ಧವೂ ಎದ್ದಿರುತ್ತಿರಲಿಲ್ಲ.

ಅವರಲ್ಲಿ ಪಿಸ್ತೂಲು, ರಿವಾಲ್ವರ್ ಇಟ್ಟುಕೊಂಡವರು ಒಂದು ಪಾಲು ಮಾತ್ರ. ಉಳಿದವರ ಹತ್ತಿರ ಇರುವುದು ಬೆಳೆ ಕಾಯುವ ಒಂಟಿ ನಳಿಗೆಯ ಬಂದೂಕು, ಕಾಡಂಚಿನ ಮನೆಯ ತೋಟಾ ಕೋವಿ, ಬ್ಯಾಂಕಿನ ಬಾಗಿಲಲ್ಲಿ ಕೂತ ಕಾವಲುಗಾರನ ಜೋಡಿ ನಳಿಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನಸಾಮಾನ್ಯರು ಹತ್ತಿರದಿಂದ ನೋಡಿರುವ ಬಂದೂಕು ಹೆಚ್ಚಾಗಿ ಈ ಕೊನೆಯದೇ: ಮರದ ಹಿಡಿಯ ಬಣ್ಣ ಹೋಗಿದೆ, ಹೆಗಲ ಪಟ್ಟಿ ಬೆವರಿಗೆ ಕಪ್ಪಾಗಿದೆ, ಪಕ್ಕದಲ್ಲಿ ನೀರಿನ ಬಾಟಲಿ ಇದೆ. ಅಂಗಿಯ ಒಳಗೆ ಸೊಂಟಕ್ಕೆ ಸಿಕ್ಕಿಸಿದ ಕೈಬಂದೂಕನ್ನು ಈ ಊರುಗಳ ಜನ ಕಂಡಿರುವುದು ಸಿನಿಮಾದಲ್ಲಿ.

ಇನ್ನು ದೊಡ್ಡ ಲೆಕ್ಕಕ್ಕೆ ಹೋಗೋಣ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2017ಕ್ಕೆ ಅನ್ವಯಿಸಿ ಮಾಡಿದ ಅಂದಾಜಿನ ಪ್ರಕಾರ ಜಗತ್ತಿನ ಸೈನ್ಯಗಳೆಲ್ಲದರ ಕೈಯಲ್ಲಿರುವ ಸಣ್ಣ ಬಂದೂಕುಗಳು 13.3 ಕೋಟಿ, ಪೊಲೀಸರ ಬಳಿ 2.27 ಕೋಟಿ. ಸಾಮಾನ್ಯ ನಾಗರಿಕರ ಬಳಿ? 85.7 ಕೋಟಿ. ಅಂದರೆ ಭೂಮಿಯ ಮೇಲಿನ ನೂರು ಬಂದೂಕುಗಳಲ್ಲಿ ಸುಮಾರು ಎಂಬತ್ತೈದು ಸಮವಸ್ತ್ರ ತೊಡದವರ ಮನೆಯಲ್ಲಿವೆ. ಅದರಲ್ಲೂ 39.3 ಕೋಟಿ ಅಮೆರಿಕ ಒಂದರಲ್ಲೇ. ಅಲ್ಲಿ ನೂರು ಜನಕ್ಕೆ 120.5 ಬಂದೂಕು. ತೊಟ್ಟಿಲ ಕೂಸನ್ನೂ ಹಾಸಿಗೆ ಹಿಡಿದ ಮುದುಕರನ್ನೂ ಸೇರಿಸಿ ತಲೆಗೊಂದು ಹಂಚಿದ ಮೇಲೂ ಕೋಟಿಗಟ್ಟಲೆ ಮಿಗುತ್ತವೆ.

ಇದೇ ದರವನ್ನು ನಮ್ಮ ಊರಿಗೆ ಹಚ್ಚಿ ನೋಡಿ. 2011ರ ಜನಗಣತಿಯಂತೆ ರಾಣೆಬೆನ್ನೂರು ಪಟ್ಟಣದ ಜನಸಂಖ್ಯೆ 1,06,406. ಅಮೆರಿಕದ ಪ್ರಮಾಣದಲ್ಲಿ ಅಲ್ಲಿ ಬಂದೂಕಿದ್ದರೆ 1,28,000 ಆಗುತ್ತಿತ್ತು. ಕರ್ನಾಟಕದ ಒಟ್ಟು ಲೈಸೆನ್ಸುಗಳಿಗಿಂತ ರಾಣೆಬೆನ್ನೂರು ಒಂದರ ಬಂದೂಕುಗಳೇ ಹೆಚ್ಚು! ಒಂದು ಲೈಸೆನ್ಸಿನ ಮೇಲೆ ಒಂದಕ್ಕಿಂತ ಹೆಚ್ಚು ಬಂದೂಕು ಇರಬಹುದು, ಹಾಗಾಗಿ ಹೋಲಿಕೆ ತಾಳೆ ಹಾಕಿದಂತೆ ಕೂಡುವುದಿಲ್ಲ, ನಿಜ. ಆದರೂ ಒಂದು ತಾಲ್ಲೂಕು ಕೇಂದ್ರವನ್ನೂ ಒಂದು ರಾಜ್ಯವನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಇಡಬೇಕಾಗಿ ಬಂತಲ್ಲ, ಅದನ್ನು ನೆನೆದರೆ ತಲೆ ತಿರುಗುತ್ತದೆ. ಇಡೀ ಹಾವೇರಿ ಜಿಲ್ಲೆಯ 15,97,668 ಜನಕ್ಕೆ ಅದೇ ದರ ಹಿಡಿದರೆ ಹತ್ತೊಂಬತ್ತು ಲಕ್ಷ ದಾಟುತ್ತದೆ.

ಕರ್ನಾಟಕದ ಸರಾಸರಿಯೋ, ಸುಮಾರು 538 ಜನಕ್ಕೊಂದು ಲೈಸೆನ್ಸು. ಆ ಸರಾಸರಿಯೇ ಹಾವೇರಿಗೂ ನಿಜವೆಂದು ಹಿಡಿದರೆ ಜಿಲ್ಲೆಗೆ ಮೂರು ಸಾವಿರದೊಳಗೆ. ಉತ್ತರ ಪ್ರದೇಶದ ದರವಾದರೆ ಹತ್ತು ಸಾವಿರ. ಅಲ್ಲಿ ಆಗಿದ್ದ ಲೈಸೆನ್ಸುಗಳು 12,77,914, ದೇಶದ ಒಟ್ಟು 33.69 ಲಕ್ಷದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಕೇರಳದ ದರ ಹಿಡಿದರೆ ನಾಲ್ಕುನೂರೈವತ್ತು. ಮೂರು ಕೋಟಿ ಮೂವತ್ತು ಲಕ್ಷ ಜನರ ಆ ರಾಜ್ಯದಲ್ಲಿ ಇದ್ದದ್ದು ಬರೀ 9,459. ಹಾವೇರಿ ಜಿಲ್ಲೆಗಿಂತ ಕಡಿಮೆ ಜನರಿರುವ ಅರುಣಾಚಲ ಪ್ರದೇಶದಲ್ಲಿ 34,394. ಒಂದೇ ದೇಶ, ಒಂದೇ ಕಾನೂನು, ಇಷ್ಟು ಅಂತರ.

ಒಂದೇ ಕಾನೂನು ಎಂದೆ. ಅಮೆರಿಕದಲ್ಲಿ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಬೀದಿಯಲ್ಲಿ ಓಡಾಡುವುದಕ್ಕೆ ಒಂದೊಂದು ರಾಜ್ಯದ್ದು ಒಂದೊಂದು ಶಾಸನ. ಅಲ್ಲಿ ಆದದ್ದರ ವೇಗ ನೋಡಿ: 2010ರ ಕೊನೆಗೆ ಯಾವ ಪರವಾನಗಿಯೂ ಇಲ್ಲದೆ ಹಾಗೆ ಓಡಾಡಬಹುದಾಗಿದ್ದ ರಾಜ್ಯಗಳು ಮೂರೇ ಮೂರು, ವರ್ಮಾಂಟ್, ಅಲಾಸ್ಕ, ಅರಿಜೋನ. 2024ರ ಜುಲೈನಲ್ಲಿ ಲೂಯಿಸಿಯಾನ ಸೇರಿದಾಗ ಆ ಸಂಖ್ಯೆ 29. ಹದಿನಾಲ್ಕು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಚೀಟಿ ಕೇಳುವುದನ್ನೇ ಬಿಟ್ಟವು. ಹಾಗಿದ್ದೂ ಪರವಾನಗಿ ಪಡೆದವರು ಎರಡು ಕೋಟಿಯ ಮೇಲಿದ್ದಾರೆ, ವಯಸ್ಕರಲ್ಲಿ ನೂರಕ್ಕೆ ಎಂಟು ಮಂದಿ. ಡಲ್ಲಾಸ್, ಹ್ಯೂಸ್ಟನ್ ಕಡೆ ನೆಲೆಸಿದ ನಮ್ಮ ಕನ್ನಡದ ಮನೆಗಳವರಿಗೆ ಇದು ದಿನನಿತ್ಯದ ಮಾತು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರು ಬೇಕಾದರೂ ಪರವಾನಗಿ ಇಲ್ಲದೆ ಕೈಬಂದೂಕು ಒಯ್ಯಬಹುದು. ತನ್ನ ಜಾಗದೊಳಗೆ ಬೇಡ ಎನ್ನುವವರು ಬಾಗಿಲಿಗೆ ಫಲಕ ಹಾಕಬೇಕು. ಆ ಫಲಕದ ಅಕ್ಷರ ಒಂದು ಇಂಚಿಗಿಂತ ಕಡಿಮೆ ಎತ್ತರ ಇರಬಾರದು, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಇರಬೇಕು ಎಂದು ಶಾಸನವೇ ಹೇಳುತ್ತದೆ. ಪರವಾನಗಿ ಪಡೆದವರು ಮರೆಮಾಡಿ ತರುವ ಬಂದೂಕಿಗೊಂದು ಫಲಕ, ಅವರೇ ಕಾಣುವಂತೆ ತರುವುದಕ್ಕೆ ಇನ್ನೊಂದು. ಚೀಟಿ ಬೇಡವಾದ ಕಡೆ ಬಂದೂಕು ಒಯ್ಯುವವನು ಏನೂ ಬರೆದುಕೊಡಬೇಕಿಲ್ಲ. ಬೇಡ ಎನ್ನುವ ಅಂಗಡಿಯವನೇ ಬರೆದು ತೂಗುಹಾಕಬೇಕು.

ನಮ್ಮಲ್ಲಿ ಆ ಭಾರ ಪೂರ್ತಿ ಇನ್ನೊಂದು ಹೆಗಲಿಗೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಶಸ್ತ್ರಾಸ್ತ್ರ, ಸಿಡಿಮದ್ದು ಕೇಂದ್ರ ಪಟ್ಟಿಯ 5ನೇ ಬಾಬು. ವಿಧಾನಸೌಧ ಮನಸ್ಸು ಮಾಡಿದರೂ ಈ ವಿಷಯದಲ್ಲಿ ತನ್ನದೊಂದು ಕಾಯ್ದೆ ತರಲಾಗದು. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಾವಳಿ, ಇವೆರಡೇ ಕಾಶ್ಮೀರಕ್ಕೂ ಕಾಗಿನೆಲೆಗೂ. ಹಾವೇರಿಯವರು ಅರ್ಜಿ ಹಾಕಬೇಕಾದದ್ದು ಜಿಲ್ಲಾಧಿಕಾರಿಗೆ. ದೇಹ ಮತ್ತು ಮನಸ್ಸಿನ ಆರೋಗ್ಯಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಬಂದೂಕನ್ನು ಮನೆಯಲ್ಲಿ ಭದ್ರವಾಗಿ ಎಲ್ಲಿ ಇಡುತ್ತೇನೆಂಬ ಹೇಳಿಕೆ ಬೇಕು, ಬಳಸುವ ತರಬೇತಿಯ ದಾಖಲೆ ಬೇಕು. ಠಾಣೆಯಿಂದ ವಿಚಾರಣೆ ನಡೆದು 30 ದಿನದಲ್ಲಿ ವರದಿ ಬರಬೇಕು, ವರದಿ ಬಂದ 60 ದಿನದಲ್ಲಿ ಜಿಲ್ಲಾಧಿಕಾರಿ ಹೌದು ಅಥವಾ ಇಲ್ಲ ಎನ್ನಬೇಕು.

ಈ ಕಾಯ್ದೆಯ 13ನೇ ಕಲಮಿನಲ್ಲಿ ನನಗೆ ಅತಿ ಸೋಜಿಗ ಎನಿಸುವ ಒಂದು ಅಳತೆ ಇದೆ. ಆತ್ಮರಕ್ಷಣೆಗೋ ಕ್ರೀಡೆಗೋ ಬೇಕಾದ, ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕಿಗೆ, ಬೆಳೆ ಕಾಯಲು ಬೇಕಾದ ಬಾಯಿಮದ್ದಿನ ಕೋವಿಗೆ, ಬೇರೆ ಅಡ್ಡಿ ಇರದಿದ್ದರೆ, ಅಧಿಕಾರಿ ಲೈಸೆನ್ಸ್ ಕೊಡತಕ್ಕದ್ದು. ಪಿಸ್ತೂಲು, ರಿವಾಲ್ವರಿಗೆ ಮಾತ್ರ ತಕ್ಕ ಕಾರಣವಿದೆ ಎಂದು ಅವರಿಗೆ ಮನವರಿಕೆ ಆಗಬೇಕು. 20 ಇಂಚು ಎಂದರೆ ಐವತ್ತು ಸೆಂಟಿಮೀಟರ್, ಒಂದು ಮೊಳಕ್ಕಿಂತ ಹೆಚ್ಚು. ಅಷ್ಟುದ್ದದ ನಳಿಗೆ ಅಂಗಿಯೊಳಗೆ ಅಡಗುವುದಿಲ್ಲ. ಗೋವಿನಜೋಳದ ಹೊಲಕ್ಕೆ ರಾತ್ರಿ ಹಂದಿ ನುಗ್ಗುತ್ತದೆ ಎಂದು ರಾಣೆಬೆನ್ನೂರಿನ ರೈತ ಕೋವಿ ಕೇಳಿದರೆ ಕಾನೂನು ಅವನ ಕಡೆ ವಾಲುತ್ತದೆ. ಜೇಬಿಗೆ ಹೋಗುವಂಥದ್ದು ಬೇಕೆಂದರೆ ಹುಬ್ಬೇರಿಸುತ್ತದೆ. (ಅದೇ ರೈತನ ಹೊಲಕ್ಕೆ ಬರುವ ಕೃಷ್ಣಮೃಗದ ಮೇಲೆ ಯಾವ ಲೈಸೆನ್ಸಿನಿಂದಲೂ ಗುಂಡು ಹಾರಿಸುವಂತಿಲ್ಲ. ಅದಕ್ಕೆಂದೇ 1974ರಲ್ಲಿ ಘೋಷಿಸಿದ 119 ಚದರ ಕಿಲೋಮೀಟರಿನ ಅಭಯಾರಣ್ಯ ಊರ ಪಕ್ಕದಲ್ಲೇ ಇದೆ.)

ಇಷ್ಟು ದಾಟಿ ಒಬ್ಬರಿಗೆ ಕೈಬಂದೂಕಿನ ಲೈಸೆನ್ಸ್ ಸಿಕ್ಕಿತೆನ್ನಿ. ಆಗ ನಿಯಮ ಹೇಳುವುದು: ಸಾರ್ವಜನಿಕ ಸ್ಥಳದಲ್ಲಿ ಅದು ಮೈಗೆ ಕಟ್ಟಿದ ಚೀಲದಲ್ಲೋ ಬೆನ್ನಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲೇ ಇರಬೇಕು. ಎತ್ತಿ ಝಳಪಿಸಿದರೆ ತಪ್ಪು. ಅಮೆರಿಕದಲ್ಲಿ ಮರೆಮಾಡಲಿಕ್ಕೆ ಅನುಮತಿ ಬೇಕೋ ಬೇಡವೋ ಎಂದು ತಲೆಮಾರುಗಳಿಂದ ವಾದ ನಡೆದಿದ್ದರೆ, ಇಲ್ಲಿ ಮರೆಮಾಡುವುದೇ ಕಟ್ಟಳೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಬ್ಬರಿಗೆ ಮೂರು ಬಂದೂಕು ಎಂದಿದ್ದ ಮಿತಿ ಎರಡಕ್ಕೆ ಇಳಿದದ್ದೂ ಆ ತಿದ್ದುಪಡಿಯಿಂದಲೇ. ಲೈಸೆನ್ಸ್ ಯಾವ ಪ್ರದೇಶದೊಳಗೆ ಊರ್ಜಿತ ಎಂಬುದೂ ಅದರಲ್ಲೇ ಬರೆದಿರುತ್ತದೆ. ಆ ಎಲ್ಲೆ ದಾಟಿದರೆ ಕೈಯಲ್ಲಿ ಕಾಗದ ಇದ್ದೂ ಇಲ್ಲದ ಹಾಗೆ. ಚುನಾವಣೆ ಬಂದರೆ ಸಾಮಾನ್ಯವಾಗಿ ಬಂದೂಕು ಠಾಣೆಗೆ ಹೋಗುತ್ತದೆ. 2023ರ ಮೇ ತಿಂಗಳ ವಿಧಾನಸಭೆ, 2024ರ ಮೇ ತಿಂಗಳ ಲೋಕಸಭೆ, ಅದೇ ನವೆಂಬರಿನ ಉಪಚುನಾವಣೆ, ಹೀಗೆ ಶಿಗ್ಗಾಂವಿ ಕಡೆಯವರು ಒಂದೂವರೆ ವರ್ಷದಲ್ಲಿ ಮೂರು ಮತದಾನ ಕಂಡರು. ಮೂರು ಸಲವೂ ಬಂದೂಕು ಠೇವಣಿ ಇಡಿ ಎಂಬ ಮಾತು ಬರುವಂಥದ್ದೇ.

ಬೆಲೆಯ ಮಾತನ್ನೂ ಆಡಿಬಿಡಬೇಕು. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಹೊರತಂದ ‘ನಿರ್ಭೀಕ್’ ರಿವಾಲ್ವರಿನ ತೂಕ 500 ಗ್ರಾಂ, ಆಗಿನ ಬೆಲೆ 1,22,360 ರೂಪಾಯಿ. ಕ್ವಿಂಟಲಿಗೆ ಹನ್ನೆರಡು ಸಾವಿರ ಸಿಕ್ಕಿತೆಂದರೂ ಹತ್ತು ಕ್ವಿಂಟಲಿಗೂ ಹೆಚ್ಚು ಬ್ಯಾಡಗಿ ಮೆಣಸಿನಕಾಯಿ ಮಾರಿ ಅರ್ಧ ಕಿಲೋ ತೂಕದ ವಸ್ತು ತರಬೇಕಿತ್ತು.

ಕರ್ನಾಟಕದಲ್ಲೇ ಒಂದು ದೊಡ್ಡ ಅಪವಾದ ಇದೆ, ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಜನ ಅವರು. ಅವರ ರೂಢಿಯ ಬಗ್ಗೆ ನನಗೆ ತಕರಾರಿಲ್ಲ.

ನಮ್ಮ ಸೀಮೆಯ ಕಥೆ ಬೇರೆಯೇ ಆಗಿ ಶುರುವಾಯಿತು, ರಕ್ತದಿಂದ. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ಕತ್ತಿ ಕೋವಿಯನ್ನೇ ಬದುಕು ಮಾಡಿಕೊಂಡವರು, ಹತಾರ ಒಪ್ಪಿಸಲಿಲ್ಲ. ನವೆಂಬರ್ ಕೊನೆಗೆ ಕಂಪನಿಯ ದಂಡು ರಾತ್ರಿಯಲ್ಲಿ ಊರು ಸುತ್ತಿತು, ಮನೆಗಳಿಗೆ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಮಂದಿಯನ್ನು ಡಿಸೆಂಬರ್ 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು. ಒಂದು ಹಳ್ಳಿ, ಮೂರು ದಿನದ ಅಂತರ, ಹತ್ತೊಂಬತ್ತು ಹಗ್ಗ. ಲಾವಣಿಕಾರರು ಅದನ್ನು ಹಾಡಾಗಿ ಉಳಿಸಿಕೊಂಡರು. ಇಂದು ಉತ್ತರ ಕರ್ನಾಟಕದ ಸಂತೆಯಲ್ಲಿ ಯಾರ ಸೊಂಟದಲ್ಲೂ ಪಿಸ್ತೂಲಿಲ್ಲ ಎಂದು ನಾವು ನಿರಾಳವಾಗಿ ಹೇಳುವಾಗ ಆ ಹತ್ತೊಂಬತ್ತು ಜನರನ್ನು ಮರೆತು ಹೇಳುವುದು ಅನ್ಯಾಯ. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯ್ದೆ ಆ ಹಿಡಿತವನ್ನೇ ಬಿಗಿಮಾಡಿತು.

ಆಮೇಲೆ ಈ ನೆಲದಲ್ಲಿ ಬಂದೂಕು ಇದ್ದದ್ದು ಸರಕಾರದ ಕೈಯಲ್ಲಿ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಹದಿನೆಂಟರ ಹರೆಯದಲ್ಲಿ ಗಾಂಧೀಜಿಯ ದಂಡಿಯಾತ್ರೆಗೆ ಹೆಜ್ಜೆ ಹಾಕಿದ ಹುಡುಗ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಕಾಯುತ್ತಿದ್ದ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಸ್ವತಂತ್ರ ದೇಶದಲ್ಲಿ, 2008ರ ಜೂನ್ 10ರಂದು, ಗೊಬ್ಬರ ಕೊಡಿ ಎಂದು ಹಾವೇರಿಯ ಬೀದಿಗಿಳಿದ ರೈತರ ಮೇಲೆ ಹಾರಿದ್ದೂ ಪೊಲೀಸರ ಗುಂಡೇ. ಇಬ್ಬರು ರೈತರು ಪ್ರಾಣ ತೆತ್ತರು. ಈ ಜಿಲ್ಲೆ ಮರೆಯದೆ ಇಟ್ಟುಕೊಂಡಿರುವ ಗುಂಡುಗಳು ಖಾಸಗಿ ಪಿಸ್ತೂಲಿನವಲ್ಲ. ಬಂದೂಕು ಜನರ ಬಳಿ ಇಲ್ಲದಿದ್ದರೆ ಸಾಕು ಎನ್ನುವ ವಾದಕ್ಕೆ ಹಾವೇರಿಯವರು ಅರ್ಧ ಮನಸ್ಸಿನಿಂದ ತಲೆಯಾಡಿಸಿದರೆ ಅದಕ್ಕೆ ಕಾರಣವಿದೆ.

ಬಂದೂಕು ಹಕ್ಕಾಗಬೇಕು ಎಂಬ ಮಾತು ನಮ್ಮಲ್ಲೂ ಎದ್ದಿತ್ತು. ಕಾಂಗ್ರೆಸ್ಸಿನ 1931ರ ಕರಾಚಿ ನಿರ್ಣಯದಲ್ಲಿ ಅದು ಮೂಲಭೂತ ಹಕ್ಕುಗಳ ಸಾಲಿನಲ್ಲೇ ಇತ್ತು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಅದನ್ನು ಸೇರಿಸಿ ಎಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ಸಭೆ ತಳ್ಳಿಹಾಕಿತು. ಬ್ರಿಟಿಷರು ಹೆದರಿ ಕಿತ್ತುಕೊಂಡದ್ದನ್ನು ನಮ್ಮವರು ಯೋಚಿಸಿ ಬೇಡವೆಂದರು. ಆ ತೀರ್ಮಾನ ಸರಿಯಾಗಿತ್ತು ಎಂದು ನಾನು ಪೂರ್ಣ ಮನಸ್ಸಿನಿಂದ ನಂಬಿದ್ದೇನೆ. ಆ ನಂಬಿಕೆ ಗಟ್ಟಿಯಾದದ್ದು ಬ್ಯಾಡಗಿಯ ಒಂದು ಸೋಮವಾರದಿಂದ.

2024ರ ಮಾರ್ಚ್ 11. ಮೆಣಸಿನಕಾಯಿ ದರ ಒಮ್ಮೆಲೇ ಕುಸಿಯಿತು. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ರಾತ್ರಿಯಿಡೀ ಲಾರಿ ಮೇಲೆ ಕೂತು ಬಂದ ಸಾವಿರಾರು ರೈತರು ಕೆಂಪು ರಾಶಿಗಳ ನಡುವೆ ನಿಂತಿದ್ದರು. ಘಾಟಿನ ಗಾಳಿ, ಉರಿಯುವ ಕಣ್ಣು, ಸಾಲದ ಲೆಕ್ಕ, ಕೈಗೆ ಬಂದ ಟೆಂಡರ್ ದರ. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ಬೆಂಕಿ ಬಿತ್ತು. ವಾಹನಗಳು ಹೊತ್ತಿ ಉರಿದವು. ಪೊಲೀಸರಿಗೂ ಪೆಟ್ಟಾಯಿತು. ಪ್ರಾಣಹಾನಿ ಆಗಲಿಲ್ಲ. ಈಗ ಅಮೆರಿಕದ ಪರವಾನಗಿದಾರರ ನೂರಕ್ಕೆ ಎಂಟರ ಲೆಕ್ಕವನ್ನು ಅಲ್ಲಿಗೆ ತನ್ನಿ. ಒಂದು ಸಾವಿರ ಜನರ ಗುಂಪಿನಲ್ಲಿ ಎಂಬತ್ತು ಮಂದಿಯ ಅಂಗಿಯೊಳಗೆ ಪಿಸ್ತೂಲು. ಐದು ಸಾವಿರವಾದರೆ ನಾಲ್ಕುನೂರು. ದಲಾಲಿ ಅಂಗಡಿಯ ಗಲ್ಲಾದ ಹಿಂದೆ ಇನ್ನೊಂದಿಷ್ಟು, ಖರೀದಿದಾರನ ಕಾರಿನಲ್ಲಿ ಮತ್ತೊಂದಿಷ್ಟು. ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಎಂದು ಯಾರಿಗೂ ಗೊತ್ತಿಲ್ಲ. ಮೊದಲ ಕಲ್ಲು ಬಿದ್ದ ಕ್ಷಣ ಒಬ್ಬ ಹೆದರಿ ಸೊಂಟಕ್ಕೆ ಕೈ ಹಾಕಿದ್ದರೆ ಸಾಕಿತ್ತು. ಆ ದಿನ ಸುಟ್ಟದ್ದು ಕಾಗದ, ಕುರ್ಚಿ, ಗಾಡಿ. ಅವನ್ನು ಮತ್ತೆ ತರಬಹುದು.

ಆದರೆ ಕಾನೂನು ಕಾಣುವ ಬಂದೂಕುಗಳ ಲೆಕ್ಕ ಒಂದು, ಕಾಣದವುಗಳದ್ದು ಇನ್ನೊಂದು. ಅದೇ ಸ್ಮಾಲ್ ಆರ್ಮ್ಸ್ ಸರ್ವೆ ಅಂದಾಜಿನಲ್ಲಿ ಭಾರತದ ನಾಗರಿಕರ ಬಳಿ ಇರುವ 7.11 ಕೋಟಿ ಬಂದೂಕುಗಳ ಪೈಕಿ ನೋಂದಾಯಿತ 97 ಲಕ್ಷ. ಉಳಿದ 6.14 ಕೋಟಿಗೆ ಯಾವ ಕಡತವೂ ಇಲ್ಲ. ಒಂದಕ್ಕೆ ಆರು! ಲೈಸೆನ್ಸ್ ಇರುವವರು ಠಾಣೆಯ ಮೆಟ್ಟಿಲು ಹತ್ತಿ ಠೇವಣಿ ಇಡುತ್ತಾರೆ, ನವೀಕರಣಕ್ಕೆ ಅಲೆಯುತ್ತಾರೆ. ನಾಡಪಿಸ್ತೂಲಿನವನಿಗೆ ಅರ್ಜಿಯೂ ಇಲ್ಲ, ಅಕ್ಷರದ ಅಳತೆಯೂ ಇಲ್ಲ. ಕಡತದೊಳಗಿನ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಜಮ್ಮು ಕಾಶ್ಮೀರದಲ್ಲಿ 2012ರಿಂದ 2016ರೊಳಗೆ 2.78 ಲಕ್ಷ ಲೈಸೆನ್ಸುಗಳನ್ನು ಅರ್ಹತೆ ಇಲ್ಲದವರಿಗೆ ಕೊಡಲಾಗಿತ್ತೆಂದು ಸಿಬಿಐ ಹೇಳಿತು. ಆ ಒಂದು ಹಗರಣ ಕರ್ನಾಟಕದ ಒಟ್ಟು ಲೈಸೆನ್ಸಿನ ಎರಡೂವರೆ ಪಟ್ಟಿಗೆ ಹತ್ತಿರ.

ಇಷ್ಟು ಕೋಟಿಗಳ ಮಧ್ಯೆ ಒಂದು ಎಂಬ ಸಂಖ್ಯೆಯ ತೂಕ ಎಷ್ಟು ಎಂಬುದನ್ನು ನಾವು ಹತ್ತಿರದಿಂದಲೇ ನೋಡಿದ್ದೇವೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲಿಗೆ ಬಂದು ಅವರನ್ನು ಕೊಂದವರ ಬಳಿ ಇದ್ದದ್ದು 7.65 ಮಿಲಿಮೀಟರಿನ ನಾಡಪಿಸ್ತೂಲು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದದ್ದೂ ಅದೇ ಅಳತೆಯದು. ಗುಂಡುಗಳನ್ನೂ ತೋಟಾಗಳನ್ನೂ ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಎರಡೂ ಕಡೆ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದಿತು. ಎರಡು ವರ್ಷಕ್ಕೂ ಮಿಕ್ಕಿ ಒಂದು ಕೈಬಂದೂಕು, ಯಾವ ದಫ್ತರದಲ್ಲೂ ಇಲ್ಲದ್ದು, ಈ ರಾಜ್ಯದ ಒಳಗೋ ಹೊರಗೋ ಬಟ್ಟೆಯ ಮರೆಯಲ್ಲಿ ಇತ್ತು. 1,13,631 ಲೈಸೆನ್ಸುಗಳ ಪಟ್ಟಿ ಅದನ್ನು ತಡೆಯಲಿಲ್ಲ.

2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠ, ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮ ಪಾಂಡವಪುರದ ಬಿ.ವಿ. ನಾಗರತ್ನ ಅವರಿದ್ದದ್ದು, ಲೈಸೆನ್ಸಿಲ್ಲದ ಬಂದೂಕುಗಳ ಪಿಡುಗನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಮೆರಿಕದಂತೆ ನಮ್ಮಲ್ಲಿ ಬಂದೂಕು ಹೊಂದುವುದು ಹಕ್ಕಲ್ಲ ಎಂದು ನೆನಪಿಸಿತು. 2024ರ ನವೆಂಬರಿನಲ್ಲಿ ಅದೇ ಕೋರ್ಟು, ಪ್ರತಿ ರಾಜ್ಯವೂ ಇದಕ್ಕೊಂದು ಸಮಿತಿ ಮಾಡಿ ಕಾರ್ಯಯೋಜನೆ ಸಿದ್ಧಪಡಿಸಬೇಕು ಎಂದಿತು. ಕರ್ನಾಟಕದ ಯೋಜನೆಯಲ್ಲಿ ಜಿಲ್ಲಾವಾರು ಅಂಕಿ ಇರಲಿ: ಹಾವೇರಿಯಲ್ಲಿ ಎಷ್ಟು ಲೈಸೆನ್ಸು, ಅದರಲ್ಲಿ ಕೈಬಂದೂಕು ಎಷ್ಟು, ಬೆಳೆ ಕಾಯುವ ಕೋವಿ ಎಷ್ಟು, ಕಳೆದ ಹತ್ತು ವರ್ಷದಲ್ಲಿ ಸಿಕ್ಕ ನಾಡಪಿಸ್ತೂಲು ಎಷ್ಟು, ಅವು ಬಂದದ್ದು ಎಲ್ಲಿಂದ. ಬ್ಯಾಡಗಿಯಲ್ಲಿ ಮಾರುಕಟ್ಟೆ ದಿನ ಎಷ್ಟು ಚೀಲ ಬಂತು, ಯಾವ ತಳಿಗೆ ಎಷ್ಟು ದರ ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಬಂದೂಕಿನ ಈ ಐದು ಅಂಕಿಗಳನ್ನು ವರ್ಷಕ್ಕೊಮ್ಮೆಯಾದರೂ ಜಿಲ್ಲಾಧಿಕಾರಿ ಕಚೇರಿಯ ಫಲಕದ ಮೇಲೆ ಬರೆದು ಹಾಕಲಿ.